ಕ್ರಿಪ್ಟೊ ಎಕ್ಸ್‌ಚೇಂಜ್ ಆರಿಸುವ ಮುನ್ನ: ಹೊಸಬರ ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ರೈತರಿಗೆ ಒಂದು ರೂಢಿ ಇದೆ. ಹತ್ತಿ, ಸೋಯಾಬೀನ್, ಕಡಲೆಯನ್ನು ಎಪಿಎಂಸಿಗೆ ಒಯ್ಯುವ ಮೊದಲೇ ಯಾವ ದಲಾಲಿ ಅಂಗಡಿಗೆ ಹಾಕಬೇಕು ಎಂದು ಮನೆಯಲ್ಲಿ ಮಾತಾಗಿರುತ್ತದೆ. ಧಾರಣೆಯಲ್ಲಿ ಅಂಗಡಿಯಿಂದ ಅಂಗಡಿಗೆ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಹಿರಿಯರು ನೋಡುವುದು ಬೇರೆ ಸಂಗತಿಗಳನ್ನು: ತೂಕ ಸರಿ ಇದೆಯೇ, ಪಟ್ಟಿ ಕೊಡುತ್ತಾರೆಯೇ, ರೊಕ್ಕ ಹೇಳಿದ ದಿನ ಕೈಗೆ ಬರುತ್ತದೆಯೇ, ಏನಾದರೂ ಹೆಚ್ಚುಕಡಿಮೆ ಆದರೆ ಕೇಳಲು ಯಾರಿದ್ದಾರೆ.

ಅದೇ ಮನೆಯ ಮಗನೋ ಮಗಳೋ ಮೊಬೈಲ್‌ನಲ್ಲಿ ಬಿಟ್‌ಕಾಯಿನ್ ಆ್ಯಪ್ ಇಳಿಸಿಕೊಳ್ಳುವಾಗ ಈ ಪ್ರಶ್ನೆಗಳನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಜಾಹೀರಾತು ಚೆನ್ನಾಗಿತ್ತು, ಗೆಳೆಯ ಲಿಂಕ್ ಕಳಿಸಿದ, ಖಾತೆ ತೆರೆದರೆ ಬೋನಸ್ ಎಂದರು ಎಂಬ ಕಾರಣಕ್ಕೆ ಆ್ಯಪ್ ಆಯ್ಕೆಯಾಗಿಬಿಡುತ್ತದೆ. ನಿಜವಾಗಿ ನೋಡಿದರೆ ಯಾವ ಕಾಯಿನ್ ಕೊಳ್ಳಬೇಕು ಎಂಬುದಕ್ಕಿಂತ ಯಾರ ಕೈಯಲ್ಲಿ ರೊಕ್ಕ ಇಡಬೇಕು ಎಂಬುದೇ ಹೊಸಬರಿಗೆ ದೊಡ್ಡ ಪ್ರಶ್ನೆ. ಕ್ರಿಪ್ಟೊ ಕೊಳ್ಳಿ ಅಥವಾ ಕೊಳ್ಳಬೇಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕೊಳ್ಳಲು ಹೊರಟ ಕುಟುಂಬ ಎಕ್ಸ್‌ಚೇಂಜನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಕ್ಸ್‌ಚೇಂಜ್ ಎಂದರೆ ಏನು?

ಕ್ರಿಪ್ಟೊ ಎಕ್ಸ್‌ಚೇಂಜ್ ಎಂದರೆ ಕೊಳ್ಳುವವರನ್ನೂ ಮಾರುವವರನ್ನೂ ಒಂದೆಡೆ ಸೇರಿಸುವ ಕಂಪನಿ. ಇಷ್ಟರ ಮಟ್ಟಿಗೆ ಅದು ದಲಾಲಿ ಅಂಗಡಿಯೇ. ಆದರೆ ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಗ್ರಾಹಕರ ರೊಕ್ಕವನ್ನೂ ಕಾಯಿನ್‌ಗಳನ್ನೂ ತಾನೇ ಇಟ್ಟುಕೊಳ್ಳುತ್ತದೆ. ಅಂದರೆ ದಲಾಲಿಯೂ ಅದೇ, ಗೋದಾಮೂ ಅದೇ.

ಆ್ಯಪ್‌ನಲ್ಲಿ ‘ನಿಮ್ಮ ಬಳಿ ಇಷ್ಟು ಬಿಟ್‌ಕಾಯಿನ್ ಇದೆ’ ಎಂದು ಕಾಣುವ ಅಂಕಿ ಆ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಗ್ರಾಹಕರ ಹೆಸರಿನ ಮುಂದೆ ಬರೆದ ಜಮೆ. ಕಾಯಿನ್‌ಗಳು ಇರುವುದು ಕಂಪನಿ ನಡೆಸುವ ವಾಲೆಟ್‌ನಲ್ಲಿ, ಅದರ ಬೀಗದ ಕೈ ಇರುವುದು ಕಂಪನಿಯ ಅಥವಾ ಅದು ನೇಮಿಸಿದ ಇನ್ನೊಂದು ಸಂಸ್ಥೆಯ ಬಳಿ.

ಬ್ಯಾಂಕ್ ಠೇವಣಿಯ ಜೊತೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. 2020ರ ಫೆಬ್ರುವರಿಗೆ ಮೊದಲು ಇದು 1 ಲಕ್ಷ ಇತ್ತು. ಷೇರುಗಳಿಗೆ ಸೆಬಿ ಎಂಬ ನಿಯಂತ್ರಕ ಸಂಸ್ಥೆ ಇದೆ. ಷೇರು ಇರುವುದು ದಲ್ಲಾಳಿಯ ಬಳಿ ಅಲ್ಲ, ಗ್ರಾಹಕನ ಹೆಸರಿನ ಡಿಮ್ಯಾಟ್ ಖಾತೆಯಲ್ಲಿ. ಕ್ರಿಪ್ಟೊ ಎಕ್ಸ್‌ಚೇಂಜ್‌ಗೆ ಈ ಎರಡೂ ಇಲ್ಲ. ವಿಮೆಯೂ ಇಲ್ಲ, ಗ್ರಾಹಕರ ನಷ್ಟ ತುಂಬಿಸಿ ಎಂದು ಆದೇಶ ಕೊಡುವ ಪ್ರತ್ಯೇಕ ನಿಯಂತ್ರಕರೂ ಇಲ್ಲ. ಇದನ್ನು ಜಾಹೀರಾತುಗಳೇ ಸಣ್ಣ ಅಕ್ಷರದಲ್ಲಿ ಹೇಳುತ್ತವೆ. ಕ್ರಿಪ್ಟೊ ನಿಯಂತ್ರಣಕ್ಕೆ ಒಳಪಟ್ಟಿಲ್ಲ, ನಷ್ಟವಾದರೆ ನಿಯಂತ್ರಕರಿಂದ ಪರಿಹಾರ ಸಿಗದಿರಬಹುದು ಎಂಬ ಎಚ್ಚರಿಕೆಯನ್ನು ಜಾಹೀರಾತು ಮಾನದಂಡ ಮಂಡಳಿ 2022ರ ಏಪ್ರಿಲ್ 1ರಿಂದ ಕಡ್ಡಾಯ ಮಾಡಿದೆ.

ಕಾನೂನು ಎಲ್ಲಿಗೆ ಬಂದು ನಿಂತಿದೆ?

ಈ ವ್ಯವಹಾರದಲ್ಲಿ ಕರ್ನಾಟಕದ ಹೆಸರು ಮೊದಲಿನಿಂದಲೂ ಇದೆ. ದೇಶದ ಆರಂಭದ ಬಿಟ್‌ಕಾಯಿನ್ ಕಂಪನಿಗಳಲ್ಲಿ ಒಂದಾದ ಯುನೋಕಾಯಿನ್ 2013ರಲ್ಲಿ ತುಮಕೂರಿನಲ್ಲಿ ಹುಟ್ಟಿತು. ಆ ಕಂಪನಿಯ ಮುಂದಿನ ವರ್ಷಗಳನ್ನು ನೋಡಿದರೆ ಕಾನೂನು ಹೇಗೆ ಹೊಯ್ದಾಡಿತು ಎಂಬುದು ತಿಳಿಯುತ್ತದೆ.

2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೊ ಕಂಪನಿಗಳಿಗೆ ಸೇವೆ ಕೊಡಬಾರದು ಎಂದು ಬ್ಯಾಂಕುಗಳಿಗೆ ಹೇಳಿತು. ಬ್ಯಾಂಕ್ ದಾರಿ ಮುಚ್ಚಿದ್ದರಿಂದ ಯುನೋಕಾಯಿನ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ ನಗದು ಹಾಕುವ, ತೆಗೆಯುವ ಯಂತ್ರ ಇಟ್ಟಿತು. ಪೊಲೀಸರು ಯಂತ್ರವನ್ನು ವಶಪಡಿಸಿಕೊಂಡು ಇಬ್ಬರು ಸಹ-ಸಂಸ್ಥಾಪಕರನ್ನು ಬಂಧಿಸಿದರು. ಆಗ ದೇಶದ ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ ಒಂದಾಗಿದ್ದ ಜೆಬ್‌ಪೇ 2018ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ವಹಿವಾಟು ನಿಲ್ಲಿಸಿತು. ಕಾಯಿನೆಕ್ಸ್ 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದು ಮಾಡಿದ ಮೇಲೆ ವಹಿವಾಟು ಮತ್ತೆ ಚಿಗುರಿತು.

ಇಂದು ಕ್ರಿಪ್ಟೊ ಕೊಳ್ಳುವುದು ಅಪರಾಧವಲ್ಲ. ಆದರೆ ಅದು ರೂಪಾಯಿಯಂತೆ ಅಧಿಕೃತ ಹಣವೂ ಅಲ್ಲ. ಸರ್ಕಾರ ಅದನ್ನು ‘ವರ್ಚುವಲ್ ಡಿಜಿಟಲ್ ಆಸ್ತಿ’ ಎಂದು ಕರೆದು 2022ರಿಂದ ತೆರಿಗೆ ಹಾಕುತ್ತಿದೆ. 2023ರ ಮಾರ್ಚ್ 7ರ ಅಧಿಸೂಚನೆಯಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಅವು ಕೇಂದ್ರ ಹಣಕಾಸು ಸಚಿವಾಲಯದ ಹಣಕಾಸು ಗುಪ್ತಚರ ಘಟಕದಲ್ಲಿ, ಅಂದರೆ ಎಫ್‌ಐಯುನಲ್ಲಿ, ನೋಂದಾಯಿಸಿಕೊಳ್ಳಬೇಕು, ಗ್ರಾಹಕರ ಗುರುತು ಪರಿಶೀಲಿಸಬೇಕು, ಅನುಮಾನಾಸ್ಪದ ವಹಿವಾಟನ್ನು ವರದಿ ಮಾಡಬೇಕು.

ನೋಂದಣಿ ಇಲ್ಲದೆ ಭಾರತೀಯರಿಗೆ ಸೇವೆ ಕೊಡುತ್ತಿದ್ದ ಬೈನಾನ್ಸ್, ಕುಕಾಯಿನ್ ಸೇರಿ 9 ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಎಫ್‌ಐಯು 2023ರ ಡಿಸೆಂಬರ್‌ನಲ್ಲಿ ನೋಟಿಸ್ ಕೊಟ್ಟಿತು. ಮುಂದಿನ ತಿಂಗಳು ಅವುಗಳ ಜಾಲತಾಣಗಳನ್ನು ತಡೆಹಿಡಿಯಲಾಯಿತು. ಬೈನಾನ್ಸ್ ಆಮೇಲೆ ನೋಂದಾಯಿಸಿಕೊಂಡಿತು, 2024ರ ಜೂನ್‌ನಲ್ಲಿ ಅದಕ್ಕೆ 18.82 ಕೋಟಿ ರೂಪಾಯಿ ದಂಡ ಬಿತ್ತು. 2025ರ ಅಕ್ಟೋಬರ್‌ನಲ್ಲಿ ಇನ್ನೂ 25 ವಿದೇಶಿ ವೇದಿಕೆಗಳಿಗೆ ನೋಟಿಸ್ ಹೋಯಿತು. ಹೀಗಾಗಿ ವಿದೇಶಿ ಆ್ಯಪ್ ಒಂದು ಇವತ್ತು ತೆರೆಯುತ್ತದೆ ಎಂದರೆ ನಾಳೆಯೂ ತೆರೆಯುತ್ತದೆ ಎಂಬ ಖಾತರಿ ಇಲ್ಲ.

ಎರಡು ಕಳವು, ಎರಡು ಫಲ

ಎಫ್‌ಐಯು ನೋಂದಣಿ ಬೇಕೇಬೇಕು. ಆದರೆ ಅದೊಂದೇ ಸಾಲದು ಎಂಬುದಕ್ಕೆ ವಜೀರ್‌ಎಕ್ಸ್ ಪ್ರಕರಣ ಸಾಕ್ಷಿ.

2024ರ ಜುಲೈ 18ರಂದು ವಜೀರ್‌ಎಕ್ಸ್‌ನ ಒಂದು ವಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್, ಅಂದರೆ ಹತ್ತಿರ ಹತ್ತಿರ 2,000 ಕೋಟಿ ರೂಪಾಯಿ ಬೆಲೆಯ ಕಾಯಿನ್‌ಗಳು ಕಳವಾದವು. ಅದು ಹಲವರ ಸಹಿ ಸೇರಿದರೆ ಮಾತ್ರ ತೆರೆಯುವ ವಾಲೆಟ್ ಆಗಿತ್ತು, ಆದರೂ ಕಳ್ಳರು ದಾರಿ ಕಂಡುಕೊಂಡರು. ಎಕ್ಸ್‌ಚೇಂಜ್ ಬಳಿ ಇದ್ದ ಒಟ್ಟು ಕ್ರಿಪ್ಟೊದಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಹೋಯಿತು. ಇದು ಉತ್ತರ ಕೊರಿಯಾದ ಹ್ಯಾಕರ್‌ಗಳ ಕೆಲಸ ಎಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಜಂಟಿ ಹೇಳಿಕೆ ಕೊಟ್ಟವು.

ಕಳವಿನ ದಿನವೇ ಹಿಂಪಡೆತ ನಿಂತಿತು. ಪೂರ್ತಿ ಲೆಕ್ಕವನ್ನು ಅಂದು ಅಲ್ಲಿಂದ ಹೊರತೆಗೆಯುವ ದಾರಿ ಯಾರಿಗೂ ಉಳಿಯಲಿಲ್ಲ. ಆಮೇಲೆ ಗ್ರಾಹಕರಿಗೆ ಇನ್ನೊಂದು ಸಂಗತಿ ಗೊತ್ತಾಯಿತು. ಆ್ಯಪ್ ಭಾರತದ್ದು, ಗ್ರಾಹಕರು ಭಾರತೀಯರು, ಆದರೆ ಕ್ರಿಪ್ಟೊ ಲೆಕ್ಕದ ಇತ್ಯರ್ಥ ನಡೆದದ್ದು ಸಿಂಗಪುರದ ಹೈಕೋರ್ಟ್‌ನಲ್ಲಿ, ಅಲ್ಲಿ ನೋಂದಣಿಯಾದ ಮೂಲ ಕಂಪನಿಯ ಹೆಸರಿನಲ್ಲಿ. ನ್ಯಾಯಾಲಯ ಒಪ್ಪಿದ ಯೋಜನೆಯಂತೆ ಎಕ್ಸ್‌ಚೇಂಜ್ ಮತ್ತೆ ತೆರೆದದ್ದು 2025ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಹದಿನೈದು ತಿಂಗಳು ಕಳೆದಿತ್ತು.

ಮರುವರ್ಷ, 2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳವಾಯಿತು. ಬೆಂಗಳೂರು ಪೊಲೀಸರು ಪ್ರಕರಣ ದಾಖಲಿಸಿಕೊಂಡರು. ಇಲ್ಲಿ ಹೋದದ್ದು ಕಂಪನಿ ತನ್ನ ವಹಿವಾಟಿಗೆ ಬಳಸುತ್ತಿದ್ದ ಖಾತೆಯ ರೊಕ್ಕ, ಗ್ರಾಹಕರ ಕಾಯಿನ್‌ಗಳು ಬೇರೆಡೆ ಇವೆ, ನಷ್ಟವನ್ನು ಕಂಪನಿಯ ತಿಜೋರಿಯಿಂದ ತುಂಬಲಾಗುವುದು ಎಂದು ಕಂಪನಿ ತಿಳಿಸಿತು.

ಎರಡೂ ಕಡೆ ಕಳವು ಆಯಿತು. ಫಲ ಬೇರೆ ಆದದ್ದು ಗ್ರಾಹಕರ ಮಾಲು ಎಲ್ಲಿತ್ತು, ನಷ್ಟ ತುಂಬುವ ಶಕ್ತಿ ಕಂಪನಿಗೆ ಎಷ್ಟಿತ್ತು ಎಂಬುದರಿಂದ. ಎಕ್ಸ್‌ಚೇಂಜ್ ಹ್ಯಾಕ್ ಆಗುವುದೇ ಇಲ್ಲ ಎಂದು ಯಾವ ಕಂಪನಿಯೂ ಮಾತು ಕೊಡಲಾರದು. ಹ್ಯಾಕ್ ಆದ ಮರುದಿನ ಏನಾಗುತ್ತದೆ ಎಂಬುದನ್ನು ಮಾತ್ರ ಗ್ರಾಹಕ ಮೊದಲೇ ಕೇಳಬಹುದು.

ಆರಿಸುವಾಗ ನೋಡಬೇಕಾದ ಏಳು ಸಂಗತಿಗಳು

1. ಕಂಪನಿಯ ಕಾನೂನುಬದ್ಧ ಹೆಸರು. ಆ್ಯಪ್‌ನ ಹೆಸರು ಒಂದು, ಅದರ ಹಿಂದಿನ ಕಂಪನಿಯ ಹೆಸರು ಇನ್ನೊಂದು ಇರುತ್ತದೆ. ಬಳಕೆಯ ಷರತ್ತುಗಳಲ್ಲಿ ಈ ಹೆಸರು, ನೋಂದಾಯಿತ ವಿಳಾಸ, ವ್ಯಾಜ್ಯ ಬಂದರೆ ಯಾವ ಊರಿನ ನ್ಯಾಯಾಲಯ ಎಂಬುದು ಇರಬೇಕು. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರನ್ನು ತಾಳೆ ನೋಡಬಹುದು. ವಿಳಾಸವೇ ಸಿಗದ ಆ್ಯಪನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

2. ಎಫ್‌ಐಯು ನೋಂದಣಿ. ‘ನಾವು ನೋಂದಾಯಿತರು’ ಎಂಬ ಚಿತ್ರ ನೋಡಿ ನಂಬಬಾರದು. ನೋಂದಣಿ ಅದೇ ಕಂಪನಿಯ ಹೆಸರಿನಲ್ಲಿದೆಯೇ ಎಂದು ನೋಡಬೇಕು.

3. ಗ್ರಾಹಕರ ಕಾಯಿನ್ ಎಲ್ಲಿದೆ? ಇಂಟರ್ನೆಟ್‌ಗೆ ಸಂಪರ್ಕವಿಲ್ಲದ ವಾಲೆಟ್‌ನಲ್ಲಿ ಹೆಚ್ಚಿನ ಪಾಲು ಇದೆಯೇ, ಅದನ್ನು ಕಾಯುವ ಸಂಸ್ಥೆ ಯಾವುದು, ಮೀಸಲು ಆಸ್ತಿಯ ಲೆಕ್ಕವನ್ನು ಹೊರಗಿನ ಲೆಕ್ಕ ಪರಿಶೋಧಕರು ನೋಡಿದ್ದಾರೆಯೇ, ಆ ವರದಿಯ ದಿನಾಂಕ ಯಾವುದು ಎಂದು ಓದಬೇಕು. ಆಸ್ತಿಯನ್ನು ಮಾತ್ರ ತೋರಿಸಿ ಗ್ರಾಹಕರಿಗೆ ಕೊಡಬೇಕಾದ ಬಾಕಿಯನ್ನು ತೋರಿಸದ ವರದಿ ಅರ್ಧ ಲೆಕ್ಕ. ಕಿರ್ದಿ ಬರೆದು ಗೊತ್ತಿರುವ ಯಾವ ಅಂಗಡಿಕಾರರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

4. ಕಾಯಿನನ್ನು ಹೊರಗೆ ಕಳಿಸಲು ಬಿಡುತ್ತದೆಯೇ? ಕೆಲವು ಆ್ಯಪ್‌ಗಳಲ್ಲಿ ಕೊಳ್ಳಬಹುದು, ಅಲ್ಲೇ ಮಾರಬಹುದು, ಆದರೆ ಕಾಯಿನನ್ನು ಸ್ವಂತ ವಾಲೆಟ್‌ಗೆ ಒಯ್ಯಲು ಆಗುವುದಿಲ್ಲ ಅಥವಾ ಕೆಲವು ಕಾಯಿನ್‌ಗಳಿಗೆ ಮಾತ್ರ ಆಗುತ್ತದೆ. ಮಾಲು ಹೊರಗೆ ತರಲು ಆಗದ ಗೋದಾಮಿನಲ್ಲಿ ಗ್ರಾಹಕನಿಗೆ ಉಳಿಯುವುದು ಬೆಲೆಯ ಮೇಲಿನ ಹಕ್ಕು ಮಾತ್ರ.

5. ರೂಪಾಯಿ ಹಾಕುವ, ತೆಗೆಯುವ ದಾರಿ. ತನ್ನದೇ ಹೆಸರಿನ ಬ್ಯಾಂಕ್ ಖಾತೆಯಿಂದ ಮಾತ್ರ ಜಮೆ, ಅದೇ ಖಾತೆಗೆ ಮಾತ್ರ ವಾಪಸ್ಸು ಎಂಬ ನಿಯಮ ಇರುವ ಎಕ್ಸ್‌ಚೇಂಜ್ ಒಳ್ಳೆಯದು. ಯಾವುದೋ ವ್ಯಕ್ತಿಯ ಯುಪಿಐ ಸಂಖ್ಯೆಗೆ ರೊಕ್ಕ ಹಾಕಿ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಖಾತೆ ಸಹಕಾರಿ ಸಂಘದಲ್ಲಿ ಮಾತ್ರ ಇರುವವರು ಅದು ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

6. ಪೂರ್ತಿ ಖರ್ಚು. ಆ್ಯಪ್‌ಗಳು ಎತ್ತಿ ತೋರಿಸುವುದು ವಹಿವಾಟು ಶುಲ್ಕವನ್ನು ಮಾತ್ರ. ಅದರ ಮೇಲೆ ಶೇ 18 ಜಿಎಸ್‌ಟಿ, ಹಿಂಪಡೆತದ ಶುಲ್ಕ, ಮಾರುವಾಗ ಶೇ 1 ಟಿಡಿಎಸ್ ಇರುತ್ತವೆ. ಇವಲ್ಲದೆ ಕಣ್ಣಿಗೆ ಕಾಣದ ಒಂದು ಖರ್ಚು ಇದೆ. ಒಂದೇ ಕ್ಷಣದಲ್ಲಿ ಕೊಳ್ಳುವ ಬೆಲೆ, ಮಾರುವ ಬೆಲೆ ಎರಡನ್ನೂ ನೋಡಿದರೆ ನಡುವೆ ಅಂತರ ಕಾಣುತ್ತದೆ. ‘ಶುಲ್ಕ ಸೊನ್ನೆ’ ಎನ್ನುವ ಕಡೆ ಈ ಅಂತರ ದೊಡ್ಡದಿರಬಹುದು.

7. ದೂರು ಕೇಳುವವರು. ಭಾರತದಲ್ಲಿ ಇರುವ ದೂರು ಅಧಿಕಾರಿಯ ಹೆಸರು, ಇಮೇಲ್, ಉತ್ತರ ಕೊಡುವ ಗಡುವು ಆ್ಯಪ್‌ನಲ್ಲಿ ಇರಬೇಕು. ಖಾತೆ ತೆರೆಯುವ ಮೊದಲೇ ಒಂದು ಪ್ರಶ್ನೆ ಕಳಿಸಿ ಎಷ್ಟು ದಿನಕ್ಕೆ ಉತ್ತರ ಬರುತ್ತದೆ ಎಂದು ನೋಡಬಹುದು. ಯಂತ್ರ ಮಾತ್ರ ಉತ್ತರಿಸುವ ಕಡೆ ಕಷ್ಟದ ದಿನ ಮನುಷ್ಯ ಸಿಗುವುದಿಲ್ಲ.

ಈ ಏಳರಲ್ಲಿ ಯಾವುದೂ ಕಾಯಿನ್‌ಗಳ ಸಂಖ್ಯೆಯ ಬಗ್ಗೆ ಇಲ್ಲ. ‘ನಮ್ಮಲ್ಲಿ 500 ಕಾಯಿನ್ ಇವೆ’ ಎಂಬುದು ಹೊಸಬರಿಗೆ ಲಾಭವಲ್ಲ. ಹೆಸರು ಕೇಳದ ಕಾಯಿನ್‌ಗಳಲ್ಲಿ ಕೊಳ್ಳುವವರು ಕಡಿಮೆ, ಮಾರಬೇಕಾದ ದಿನ ಗಿರಾಕಿ ಸಿಗದೆ ಬೆಲೆ ಕುಸಿಯುತ್ತದೆ.

ಮೊದಲ ವಾರದ ಪರೀಕ್ಷೆ

ಓದಿ ತಿಳಿದದ್ದನ್ನು ಚಿಕ್ಕ ಮೊತ್ತದಲ್ಲಿ ಪರೀಕ್ಷಿಸಿ ನೋಡುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಕಳೆದುಕೊಂಡರೂ ಮನೆ ಖರ್ಚಿಗೆ ತೊಂದರೆಯಾಗದ ಮೊತ್ತ, ಉದಾಹರಣೆಗೆ 1,000 ರೂಪಾಯಿ ಹಾಕಬೇಕು. ಅದರಲ್ಲಿ ಬಿಟ್‌ಕಾಯಿನ್‌ನ ಚಿಕ್ಕ ಭಾಗ ಕೊಳ್ಳಬಹುದು. ಒಂದು ಬಿಟ್‌ಕಾಯಿನ್ 10 ಕೋಟಿ ಭಾಗಗಳಾಗಿ ಒಡೆಯುತ್ತದೆ, ಇಡೀ ಕಾಯಿನ್ ಕೊಳ್ಳಬೇಕೆಂದಿಲ್ಲ. ಎರಡು ದಿನ ಬಿಟ್ಟು ಮಾರಿ, ರೂಪಾಯಿಯನ್ನು ಬ್ಯಾಂಕ್ ಖಾತೆಗೆ ವಾಪಸ್ಸು ತರಿಸಬೇಕು. ಎಷ್ಟು ಕಡಿತವಾಯಿತು, ಎಷ್ಟು ಗಂಟೆ ಹಿಡಿಯಿತು, ಲೆಕ್ಕದ ಪಟ್ಟಿ ಇಳಿಸಿಕೊಳ್ಳಲು ಸಿಕ್ಕಿತೇ ಎಂದು ಬರೆದಿಡಬೇಕು. ರೊಕ್ಕ ವಾಪಸ್ಸು ಬರುವವರೆಗೆ ಎರಡನೇ ಬಾರಿ ರೊಕ್ಕ ಹಾಕಬಾರದು.

ಖಾತೆ ತೆರೆದ ದಿನವೇ ಎರಡು ಹಂತದ ಭದ್ರತೆ ಹಾಕಿಕೊಳ್ಳಬೇಕು. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿಗಿಂತ ಅಥೆಂಟಿಕೇಟರ್ ಆ್ಯಪ್‌ನ ಸಂಖ್ಯೆ ಹೆಚ್ಚು ಸುರಕ್ಷಿತ, ಏಕೆಂದರೆ ಸಿಮ್ ಕಾರ್ಡನ್ನು ಬೇರೆಯವರ ಹೆಸರಿಗೆ ಮಾಡಿಸಿಕೊಂಡು ಒಟಿಪಿ ಕದಿಯುವ ವಂಚನೆ ನಡೆಯುತ್ತದೆ. ಸಾಲ ಪಡೆದು ಹತ್ತಾರು ಪಟ್ಟು ವಹಿವಾಟು ಮಾಡುವ ‘ಫ್ಯೂಚರ್ಸ್’, ಕಾಯಿನ್ ಇಟ್ಟರೆ ಬಡ್ಡಿ ಎನ್ನುವ ಯೋಜನೆಗಳಿಂದ ಹೊಸಬರು ದೂರ ಇರುವುದು ಲೇಸು. ಬಡ್ಡಿಯ ಆಸೆ ತೋರಿಸಿದ್ದ ವಾಲ್ಡ್ ಎಂಬ ವೇದಿಕೆ 2022ರ ಜುಲೈನಲ್ಲಿ ಹಿಂಪಡೆತ ನಿಲ್ಲಿಸಿತು. ಅದೇ ನವೆಂಬರ್‌ನಲ್ಲಿ ಜಗತ್ತಿನ ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ ಒಂದಾದ ಎಫ್‌ಟಿಎಕ್ಸ್ ದಿವಾಳಿಯಾಯಿತು.

ಮೊತ್ತ ದೊಡ್ಡದಾದರೆ ಸ್ವಂತ ವಾಲೆಟ್ ಇಟ್ಟುಕೊಳ್ಳುವ ದಾರಿಯೂ ಇದೆ. ಆಗ 12 ಅಥವಾ 24 ಪದಗಳ ಒಂದು ಸಾಲೇ ಬೀಗದ ಕೈ. ಆ ಪದಗಳು ಕಳೆದರೆ ಕಾಯಿನ್ ಹೋದಂತೆ, ಬೇರೆಯವರಿಗೆ ಸಿಕ್ಕರೂ ಹೋದಂತೆ. ತಪ್ಪು ವಿಳಾಸಕ್ಕೆ ಕಳಿಸಿದರೆ ವಾಪಸ್ಸು ತರಿಸಲು ಬ್ಯಾಂಕ್ ಮ್ಯಾನೇಜರ್ ಇರುವುದಿಲ್ಲ. ಆದ್ದರಿಂದ ಮೊದಲ ದಿನವೇ ಇದಕ್ಕೆ ಕೈ ಹಾಕಬೇಕಾಗಿಲ್ಲ.

ತೆರಿಗೆಯ ಲೆಕ್ಕ

ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಈ ನಾಲ್ಕು ತಾಲೂಕುಗಳ ಅನೇಕ ಮನೆಗಳಿಗೆ ರಿಟರ್ನ್ ಸಲ್ಲಿಸುವ ಅಭ್ಯಾಸವೇ ಇಲ್ಲ. ಕ್ರಿಪ್ಟೊದಲ್ಲಿ ಹಾಗಲ್ಲ. ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಬೇರೆ ಆದಾಯ ಎಷ್ಟೇ ಕಡಿಮೆ ಇದ್ದರೂ ಮೂಲ ವಿನಾಯಿತಿ ಮಿತಿ ಈ ಲಾಭಕ್ಕೆ ಅನ್ವಯಿಸುವುದಿಲ್ಲ.

ಒಂದು ಉದಾಹರಣೆ. 40,000 ರೂಪಾಯಿಗೆ ಕೊಂಡ ಕಾಯಿನನ್ನು 60,000ಕ್ಕೆ ಮಾರಿದರೆ ಲಾಭ 20,000. ತೆರಿಗೆ 6,000, ಸೆಸ್ 240, ಒಟ್ಟು 6,240 ರೂಪಾಯಿ. ಅದೇ ವರ್ಷ ಇನ್ನೊಂದು ಕಾಯಿನ್‌ನಲ್ಲಿ 20,000 ನಷ್ಟವಾಗಿದ್ದರೆ ಕೈಯಲ್ಲಿ ಉಳಿದ ಲಾಭ ಸೊನ್ನೆ. ಆದರೂ 6,240 ಕಟ್ಟಲೇಬೇಕು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು, ಮುಂದಿನ ವರ್ಷಕ್ಕೆ ಒಯ್ಯಲು ಕಾನೂನು ಬಿಡುವುದಿಲ್ಲ. ಕೊಂಡ ಬೆಲೆಯನ್ನು ಬಿಟ್ಟು ಬೇರೆ ಖರ್ಚನ್ನೂ ಕಳೆಯುವಂತಿಲ್ಲ. ಒಂದು ಕಾಯಿನ್ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ.

60,000ಕ್ಕೆ ಮಾರುವಾಗ ಶೇ 1ರಂತೆ 600 ರೂಪಾಯಿ ಟಿಡಿಎಸ್ ಕಡಿತವಾಗುತ್ತದೆ. ಭಾರತದ ಎಕ್ಸ್‌ಚೇಂಜ್‌ಗಳು ಇದನ್ನು ತಾವೇ ಹಿಡಿದು ಸರ್ಕಾರಕ್ಕೆ ಕಟ್ಟುತ್ತವೆ. ಇದು ಕಟ್ಟಬೇಕಾದ ತೆರಿಗೆಯಲ್ಲಿ ಜಮೆಯಾಗುತ್ತದೆ, ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ. ಟಿಡಿಎಸ್ ವಿವರ ಪ್ಯಾನ್ ಸಂಖ್ಯೆಯ ಮೇಲೆ ಆದಾಯ ತೆರಿಗೆ ಇಲಾಖೆಗೆ ಹೋಗುವುದರಿಂದ ವಹಿವಾಟು ಇಲಾಖೆಗೆ ಗೊತ್ತಿರುತ್ತದೆ. ವರ್ಷದ ಕೊನೆಗೆ ಕೊಂಡದ್ದು, ಮಾರಿದ್ದು, ಟಿಡಿಎಸ್ ಎಲ್ಲವೂ ಇರುವ ಒಂದೇ ವರದಿಯನ್ನು ಕೊಡುವ ಎಕ್ಸ್‌ಚೇಂಜನ್ನು ಆರಿಸಿದರೆ ಲೆಕ್ಕ ಪರಿಶೋಧಕರ ಕೆಲಸವೂ ಹಗುರ.

ಅವಿಭಕ್ತ ಕುಟುಂಬ ಮತ್ತು ಬಸದಿಯ ನಿಧಿ

ತೆರಿಗೆ ಕಾನೂನಿನಲ್ಲಿ ಹಿಂದೂ ಅವಿಭಕ್ತ ಕುಟುಂಬ ಎಂಬ ವ್ಯವಸ್ಥೆ ಜೈನ ಕುಟುಂಬಗಳಿಗೂ ಅನ್ವಯಿಸುತ್ತದೆ. ಅಂಗಡಿ, ಹೊಲ ಕೂಡಿಯೇ ಇರುವ ಮನೆಗಳಲ್ಲಿ ಕುಟುಂಬಕ್ಕೆ ಪ್ರತ್ಯೇಕ ಪ್ಯಾನ್, ಪ್ರತ್ಯೇಕ ಬ್ಯಾಂಕ್ ಖಾತೆ ಇರುವುದುಂಟು. ಆ ರೊಕ್ಕದಿಂದ ಮಗನ ವೈಯಕ್ತಿಕ ಎಕ್ಸ್‌ಚೇಂಜ್ ಖಾತೆಯಲ್ಲಿ ಕಾಯಿನ್ ಕೊಂಡರೆ ಲಾಭ ಯಾರದ್ದು, ತೆರಿಗೆ ಯಾರದ್ದು, ನಾಳೆ ಪಾಲಾದಾಗ ಆಸ್ತಿ ಯಾರದ್ದು ಎಂಬ ಗೊಂದಲ ಏಳುತ್ತದೆ. ಯಾರ ರೊಕ್ಕವೋ ಅವರ ಹೆಸರಿನಲ್ಲೇ ಖಾತೆ ಎಂಬ ನಿಯಮವನ್ನು ಮನೆಯಲ್ಲಿ ಹಾಕಿಕೊಂಡರೆ ಜಗಳ ತಪ್ಪುತ್ತದೆ.

ಬಸದಿ, ಪಾಠಶಾಲೆ, ವಿದ್ಯಾರ್ಥಿನಿಲಯ ನಡೆಸುವ ಟ್ರಸ್ಟ್‌ಗಳ ವಿಷಯದಲ್ಲಿ ಪ್ರಶ್ನೆಯೇ ಇಲ್ಲ. ತೆರಿಗೆ ವಿನಾಯಿತಿ ಪಡೆಯುವ ಧರ್ಮಾರ್ಥ ಸಂಸ್ಥೆಗಳು ತಮ್ಮ ನಿಧಿಯನ್ನು ಕಾನೂನು ಹೆಸರಿಸಿದ ಕಡೆಗಳಲ್ಲಿ ಮಾತ್ರ ತೊಡಗಿಸಬೇಕು. ಬ್ಯಾಂಕ್ ಠೇವಣಿ, ಅಂಚೆ ಕಚೇರಿ ಉಳಿತಾಯ, ಸರ್ಕಾರಿ ಸಾಲಪತ್ರಗಳು ಆ ಪಟ್ಟಿಯಲ್ಲಿವೆ, ಕ್ರಿಪ್ಟೊ ಇಲ್ಲ. ನಿಧಿಯನ್ನು ‘ಸ್ವಲ್ಪ ದಿನಕ್ಕೆ’ ಎಂದು ಅಲ್ಲಿ ಹಾಕಿದರೂ ವಿನಾಯಿತಿಗೆ ಕುತ್ತು ಬರುತ್ತದೆ.

ನಕಲಿ ಎಕ್ಸ್‌ಚೇಂಜ್‌ನ ಗುರುತು

ಹೆಚ್ಚಿನ ಜನ ರೊಕ್ಕ ಕಳೆದುಕೊಳ್ಳುವುದು ಹ್ಯಾಕ್‌ನಿಂದ ಅಲ್ಲ, ಎಕ್ಸ್‌ಚೇಂಜೇ ಅಲ್ಲದ ನಕಲಿ ಆ್ಯಪ್‌ಗಳಿಂದ. ಇವುಗಳ ದಾರಿ ಒಂದೇ ತೆರನಾಗಿರುತ್ತದೆ. ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಪ್ಲೇ ಸ್ಟೋರ್‌ನಲ್ಲಿ ಇಲ್ಲದ ಆ್ಯಪನ್ನು ಲಿಂಕ್ ಮೂಲಕ ಇಳಿಸಿಕೊಳ್ಳಲು ಹೇಳುತ್ತಾರೆ. ಮೊದಲು 2,000 ಹಾಕಿದರೆ 2,600 ವಾಪಸ್ಸು ಕೊಡುತ್ತಾರೆ. ನಂಬಿಕೆ ಬಂದ ಮೇಲೆ ದೊಡ್ಡ ಮೊತ್ತ ಹಾಕಿಸುತ್ತಾರೆ. ಆ್ಯಪ್‌ನಲ್ಲಿ ಲಕ್ಷಗಟ್ಟಲೆ ಲಾಭ ಕಾಣುತ್ತದೆ. ತೆಗೆಯಲು ಹೋದಾಗ ‘ಮೊದಲು ತೆರಿಗೆ ಕಟ್ಟಿ’, ‘ಖಾತೆ ಬಿಡಿಸಲು ಶುಲ್ಕ ಹಾಕಿ’ ಎನ್ನುತ್ತಾರೆ.

ಇಲ್ಲೊಂದು ಸುಲಭದ ಪರೀಕ್ಷೆ ಇದೆ. ನಿಜವಾದ ಎಕ್ಸ್‌ಚೇಂಜ್ ಶುಲ್ಕ, ಟಿಡಿಎಸ್ ಎರಡನ್ನೂ ಇರುವ ರೊಕ್ಕದಲ್ಲೇ ಕಡಿದುಕೊಳ್ಳುತ್ತದೆ. ತನ್ನ ರೊಕ್ಕ ತೆಗೆಯಲು ಹೊರಗಿನಿಂದ ಮತ್ತೆ ರೊಕ್ಕ ಹಾಕಬೇಕು ಎಂದರೆ ಅದು ವಂಚನೆ. ಆಗ ಒಂದು ರೂಪಾಯಿಯನ್ನೂ ಹಾಕಬಾರದು.

ಸಣ್ಣ ಸಮಾಜಗಳಿಗೆ ಇನ್ನೊಂದು ಅಪಾಯ ಇದೆ. ಬೀಗರು, ಊರವರು, ಒಂದೇ ಬಸದಿಗೆ ಬರುವವರು ಹೇಳಿದ್ದನ್ನು ಯಾರೂ ಮರುಪ್ರಶ್ನಿಸುವುದಿಲ್ಲ. ಜನ ಸೇರಿಸಿದರೆ ಕಮಿಷನ್ ಎನ್ನುವ ಯೋಜನೆಗಳು ಇದೇ ವಿಶ್ವಾಸದ ಮೇಲೆ ಬೆಳೆಯುತ್ತವೆ. ಕರೆತಂದವರು ಕೆಟ್ಟವರೇ ಆಗಿರಬೇಕಿಲ್ಲ, ಮೊದಲ ಕಂತು ತಮಗೆ ಬಂದದ್ದರಿಂದ ಅವರೂ ನಂಬಿರುತ್ತಾರೆ. ‘ಜೈ ಜಿನೇಂದ್ರ’ ಎಂದು ಶುರುವಾಗುವ ಸಂದೇಶವೆಲ್ಲ ಸಮಾಜದವರದ್ದೇ ಎಂದೂ ತಿಳಿಯಬಾರದು. ಗುಂಪಿನಿಂದ ಹೆಸರು, ಫೋಟೊ ತೆಗೆದುಕೊಂಡು ಪರಿಚಿತರಂತೆ ಬರೆಯುವುದು ವಂಚಕರಿಗೆ ಕಷ್ಟವಲ್ಲ. ಹೇಳಿದವರು ಯಾರೇ ಇರಲಿ, ಮೇಲಿನ ಏಳು ಪ್ರಶ್ನೆಗಳನ್ನು ಬಿಡಬಾರದು.

ಬ್ಯಾಂಕ್ ಖಾತೆ ಫ್ರೀಜ್ ಆಗದಂತೆ

ಎಕ್ಸ್‌ಚೇಂಜ್‌ಗೆ ಬದಲು ವ್ಯಕ್ತಿಯಿಂದ ವ್ಯಕ್ತಿಗೆ ಕಾಯಿನ್ ಮಾರುವ ಪಿ2ಪಿ ಎಂಬ ದಾರಿ ಇದೆ. ಹೆಚ್ಚು ಬೆಲೆ ಸಿಗುತ್ತದೆ ಎಂದು ಯುವಕರು ಇದರತ್ತ ಹೋಗುತ್ತಾರೆ. ಕೊಂಡ ವ್ಯಕ್ತಿ ಕೊಟ್ಟ ರೊಕ್ಕ ಬೇರೆಲ್ಲೋ ವಂಚನೆಯಿಂದ ಬಂದದ್ದಾಗಿದ್ದರೆ ಅದರ ಜಾಡು ಮಾರಿದವನ ಖಾತೆಗೆ ಬರುತ್ತದೆ. ಬೇರೆ ರಾಜ್ಯದ ಪೊಲೀಸರ ಸೂಚನೆಯಂತೆ ಬ್ಯಾಂಕ್ ಖಾತೆಯನ್ನು ತಡೆಹಿಡಿಯಬಹುದು. ಬೆಳೆಸಾಲ, ಕಬ್ಬಿನ ಬಿಲ್ಲು, ಪಿಂಚಣಿ ಎಲ್ಲ ಬರುವುದು ಅದೊಂದೇ ಖಾತೆಗೆ ಆಗಿದ್ದರೆ ಇಡೀ ಮನೆಯ ವ್ಯವಹಾರ ನಿಲ್ಲುತ್ತದೆ.

ಹೊಸಬರು ಪಿ2ಪಿಗೆ ಹೋಗದಿರುವುದೇ ಸರಿ. ಎಕ್ಸ್‌ಚೇಂಜ್ ಬಳಕೆಗೂ ಮನೆಯ ಮುಖ್ಯ ಖಾತೆಯನ್ನು ಬಿಟ್ಟು ಬೇರೆ ಉಳಿತಾಯ ಖಾತೆ ಇಟ್ಟುಕೊಳ್ಳುವುದು ಜಾಣತನ. ಬೆಳಗಾವಿ, ಧಾರವಾಡ, ಹುಬ್ಬಳ್ಳಿಯಲ್ಲಿ ಓದುವ ಮಕ್ಕಳಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು: ಕಮಿಷನ್ ಆಸೆಗೆ ತನ್ನ ಬ್ಯಾಂಕ್ ಖಾತೆ, ಸಿಮ್, ಕೆವೈಸಿಯನ್ನು ಯಾರಿಗೂ ಬಳಸಲು ಕೊಡಬಾರದು. ಕೊಟ್ಟರೆ ಮೊದಲು ಪೊಲೀಸರ ಮುಂದೆ ನಿಲ್ಲುವವರು ಖಾತೆಯ ಒಡೆಯರೇ.

ತೊಂದರೆಯಾದರೆ ಏನು ಮಾಡಬೇಕು?

ವಂಚನೆ ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ರೊಕ್ಕ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಇರುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ದೂರು ಜಾಲತಾಣದಲ್ಲೂ ದಾಖಲಿಸಬಹುದು. ಬೆಳಗಾವಿ ಜಿಲ್ಲೆಗೆ ಪ್ರತ್ಯೇಕ ಸಿಇಎನ್ ಪೊಲೀಸ್ ಠಾಣೆ ಇದೆ, ಊರಿನ ಠಾಣೆಯಲ್ಲೂ ದೂರು ಕೊಡಬಹುದು. ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ವಹಿವಾಟು ಸಂಖ್ಯೆ, ಚಾಟ್‌ನ ಸ್ಕ್ರೀನ್‌ಶಾಟ್, ಕಾಯಿನ್ ಕಳಿಸಿದ ವಾಲೆಟ್ ವಿಳಾಸ ಜೊತೆಗಿರಬೇಕು. ನಾಚಿಕೆಯಿಂದ ಸಂದೇಶಗಳನ್ನು ಅಳಿಸಿಹಾಕಿದರೆ ಸಾಕ್ಷಿಯೇ ಹೋಗುತ್ತದೆ. ‘ಕಳೆದ ರೊಕ್ಕ ತೆಗೆಸಿಕೊಡುತ್ತೇವೆ’ ಎಂದು ಆಮೇಲೆ ಕರೆ ಮಾಡುವವರು ಎರಡನೇ ಸುತ್ತಿನ ವಂಚಕರು.

ನೋಂದಾಯಿತ ಎಕ್ಸ್‌ಚೇಂಜ್ ಜೊತೆಗಿನ ತಕರಾರಾದರೆ ಮೊದಲು ಅವರ ದೂರು ಅಧಿಕಾರಿಗೆ ಬರೆದು ಟಿಕೆಟ್ ಸಂಖ್ಯೆ ಪಡೆಯಬೇಕು. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮನೆಯವರಿಗೆ ಗೊತ್ತಿರಲಿ

ಎಷ್ಟೋ ಮನೆಗಳಲ್ಲಿ ಕ್ರಿಪ್ಟೊ ಖಾತೆ ಇರುವುದು ಒಬ್ಬರಿಗೆ ಮಾತ್ರ ಗೊತ್ತು. ಆ ವ್ಯಕ್ತಿಗೆ ಏನಾದರೂ ಆದರೆ ಆಸ್ತಿ ಇದೆ ಎಂಬುದೇ ಹೆಂಡತಿ ಮಕ್ಕಳಿಗೆ ತಿಳಿಯುವುದಿಲ್ಲ. ಯಾವ ಎಕ್ಸ್‌ಚೇಂಜ್, ಯಾವ ಇಮೇಲ್, ಯಾವ ಬ್ಯಾಂಕ್ ಖಾತೆ, ಯಾವ ವರ್ಷ ಎಷ್ಟು ಹಾಕಿದ್ದು ಎಂಬುದನ್ನು ಹೊಲದ ಉತಾರ, ವಿಮೆ ಕಾಗದಗಳ ಜೊತೆ ಬರೆದಿಡಬೇಕು. ಪಾಸ್‌ವರ್ಡನ್ನು ಅದೇ ಹಾಳೆಯಲ್ಲಿ ಬರೆಯುವುದು ಬೇಡ. ನಾಮಿನಿ ಸೌಲಭ್ಯ ಇದೆಯೇ, ವಾರಸುದಾರರಿಗೆ ವರ್ಗಾಯಿಸುವ ಕ್ರಮ ಏನು ಎಂದು ಎಕ್ಸ್‌ಚೇಂಜ್‌ಗೆ ಬರೆದು ಕೇಳಬೇಕು.

ಮನೆಯವರ ಮುಂದೆ ಹೇಳಲಾಗದ ಮೊತ್ತವನ್ನು ಆ್ಯಪ್‌ಗೆ ಹಾಕದಿರುವುದೇ ಎಲ್ಲಕ್ಕಿಂತ ಸರಳವಾದ ಮಿತಿ. ಮಗಳ ಮದುವೆಗೆ ಇಟ್ಟದ್ದು, ಮುಂದಿನ ಹಂಗಾಮಿನ ಬೀಜ ಗೊಬ್ಬರಕ್ಕೆ ಬೇಕಾದದ್ದು, ಸಾಲ ತಂದದ್ದು ಈ ಮೂರೂ ಎಕ್ಸ್‌ಚೇಂಜ್‌ಗೆ ಹೋಗಬಾರದು. ಉಳಿದದ್ದರಲ್ಲಿ ಹಾಕುವವರು ಏಳು ಪ್ರಶ್ನೆಗಳ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು, ಚಿಕ್ಕ ಮೊತ್ತ ವಾಪಸ್ಸು ಬಂದದ್ದನ್ನು ಕಣ್ಣಾರೆ ಕಂಡು, ಆಮೇಲೆ ಮುಂದಿನ ಹೆಜ್ಜೆ ಇಡಬಹುದು.